ತಮಟೆ ಒಳಗೆ, ನಾವು ಹೊರಗೆ

ನಾವು ತಮಟೆ ಬಡಿಯೋರು. ಊರಲ್ಲಿ ಹೆಣ ಬಿದ್ದರೆ ನಾವು ಬೇಕು, ಮಾರಿಹಬ್ಬಕ್ಕೆ ನಾವು ಬೇಕು, ಡಂಗುರ ಸಾರೋಕೆ ನಾವು ಬೇಕು. ಗುಡಿಯ ಮೆಟ್ಟಿಲಾಚೆ ಮಾತ್ರ ಬೇಡ. ನಮ್ಮಪ್ಪಂದಿರು ಒಂದು ಮೊರ ರಾಗಿಗೆ ಬೆಳತನಕ ಬಡಿದರು. ಅದನ್ನು ಯಾರೂ ಕಲೆ ಅನ್ನಲಿಲ್ಲ, ಚಾಕರಿ ಅಂದರು. ದಲಿತ ಸಂಘರ್ಷ ಸಮಿತಿ ಬಂದ ಮೇಲೆ ಅದೇ ತಮಟೆಯನ್ನು ಮೆರವಣಿಗೆಯ ಮುಂದೆ ಬಡಿದೆವು. ಆಗ ಕೇಳೋರು ಎದುರಿಗಿದ್ದರು. ಕಾಲು ಕುಣಿದರೆ ಕಾಣ್ತಿತ್ತು, ಕಣ್ಣು ಕೆಂಪಾದರೆ ಕಾಣ್ತಿತ್ತು. ಅದನ್ನು ನೋಡೇ ನಮ್ಮ ಪೆಟ್ಟು ಏರ್ತಿತ್ತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಜಾತ್ರೆ ನಿಂತವು, ಮದುವೆ ನಿಂತವು, ಒಲೆ ಹತ್ತೋದೇ ಕಷ್ಟವಾಯ್ತು. ಕಾಲೇಜಿಗೆ ಹೋಗೋ ನಮ್ಮ ಕೇರಿ ಹುಡುಗನೊಬ್ಬ ಫೋನನ್ನು ಕಲ್ಲಿಗೆ ಒರಗಿಸಿಟ್ಟು ‘ಬಡೀರಣ್ಣ’ ಅಂದ. ಹುಲ್ಲಿನ ಬೆಂಕಿಗೆ ಚರ್ಮ ಕಾಯಿಸಿ ಬಡಿದೆವು. ಆಮೇಲೆ ಕೇಳಿದರೆ ಬರೀ ಬರಬರ ಸದ್ದು. ಫೋನಿನ ಮೈಕು ಮಾತಿಗೆ ಮಾಡಿದ್ದು, ಹತ್ತಿರದ ತಮಟೆ ಪೆಟ್ಟನ್ನು ತಡೆಯೋದಿಲ್ಲ. ಹತ್ತು ಹೆಜ್ಜೆ ದೂರದ ಬೇವಿನ ಮರಕ್ಕೆ ಅದನ್ನು ಕಟ್ಟಿದ ಮೇಲೆ ನಮ್ಮ ದನಿ ನಮಗೇ ಗುರುತು ಸಿಕ್ಕಿತು.

2021ರ ಜೂನ್ 11ರಂದು ಕವಿ ಸಿದ್ಧಲಿಂಗಯ್ಯನವರು ಕೊರೋನಾಕ್ಕೆ ಬಲಿಯಾದರು. ಅವರ 1975ರ ‘ಹೊಲೆಮಾದಿಗರ ಹಾಡು’ ಪುಸ್ತಕಕ್ಕಿಂತ ಹೆಚ್ಚಾಗಿ ನಮ್ಮ ಬಾಯಲ್ಲೇ ಬದುಕಿದ್ದು. ಒಂದು ಕಡೆ ಸೇರಿ ಅಳೋಕೂ ಆಗದ ದಿನಗಳು. ಮಾರನೇ ಸಂಜೆ ಫೇಸ್‌ಬುಕ್ಕಿನಲ್ಲಿ ನೇರವಾಗಿ ಅವರ ಹಾಡು ಹಾಡಿದೆವು. ರಾಯಚೂರಿನ ಕೇರಿಯಿಂದ ಒಬ್ಬರು, ದುಬೈನಲ್ಲಿ ಕಟ್ಟಡ ಕೆಲಸಕ್ಕೆ ಹೋದ ಒಬ್ಬರು ‘ಇನ್ನೊಂದ್ಸಲ ಹಾಡ್ರಣ್ಣ’ ಅಂತ ಬರೆದರು. ಅಳೋ ಮುಖ ಕಾಣಲಿಲ್ಲ, ಅಕ್ಷರ ಕಂಡಿತು. ಅದರ ಕೆಳಗೇ ಇನ್ನೊಬ್ಬ ನಮ್ಮ ಜಾತಿ ಹಿಡಿದು ಬೈದಿದ್ದ. ಊರಲ್ಲಾದರೆ ಬೈದವನ ಮನೆ ಗೊತ್ತಿರ್ತದೆ. ಇಲ್ಲಿ ಅವನಿಗೆ ಹೆಸರೂ ಇಲ್ಲ, ಮುಖವೂ ಇಲ್ಲ.

ಆಮೇಲೆ ಹಬ್ಬಗಳು ಮರಳಿದವು. ಊರ ಯಜಮಾನರ ಮಗ ನಮ್ಮ ಕುಣಿತವನ್ನು ಫೋನಲ್ಲಿ ಹಿಡಿದು ತನ್ನ ಯೂಟ್ಯೂಬಿಗೆ ಹಾಕಿದ. ಲಕ್ಷ ಜನ ನೋಡಿದರಂತೆ. ಅದರಲ್ಲಿ ಊರ ಹೆಸರಿತ್ತು, ದೇವರ ಹೆಸರಿತ್ತು. ಬಡಿದ ಎಂಟು ಜನರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಸರಿ, ನಮ್ಮದೇ ಚಾನೆಲ್ ಮಾಡಿದೆವು. ಉದ್ದದ ವಿಡಿಯೊಗಳಿಂದ ಜಾಹೀರಾತಿನ ಪಾಲು ಬೇಕಾದರೆ 1,000 ಚಂದಾದಾರರು ಇರಬೇಕು, 12 ತಿಂಗಳಲ್ಲಿ ಜನ 4,000 ಗಂಟೆ ನೋಡಿರಬೇಕು. ಇದು 2018ರಲ್ಲಿ ಬಂದ ಕಟ್ಟಳೆ. ಕೂಲಿ ಮುಗಿಸಿ ಬಂದು ಬಡಿಯೋರಿಗೆ ಅದೂ ಒಂದು ಗುಡಿ ಮೆಟ್ಟಿಲೇ.

2023ರಲ್ಲಿ ಚಿಕ್ಕಬಳ್ಳಾಪುರ ಸೀಮೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ನಮ್ಮೂರ ಮೇಲಿನ ಬೀದಿಯವರೂ ನಮ್ಮ ಫೋನಿಗೆ ಕೈಮುಗಿಯೋ ಚಿತ್ರ ಕಳಿಸಿದರು. ಮಾರನೇ ದಿನ ಅವರಲ್ಲೇ ಒಬ್ಬರ ಮನೆಗೆ ಕೂಲಿ ಬಾಕಿ ಕೇಳೋಕೆ ಹೋದೆವು. ಒಳಗೆ ಯಾರದೋ ಫೋನಲ್ಲಿ ನಮ್ಮ ತಮಟೆ ಮೊಳಗ್ತಿತ್ತು. ನೀರು ಕೇಳಿದೆವು. ಹೊರಗೇ ನಿಲ್ಲಿಸಿ ಬೊಗಸೆಗೆ ಹೊಯ್ದರು. ತಮಟೆ ನಡುಮನೆ ಸೇರಿತ್ತು, ಬಡಿದ ಕೈ ಅಂಗಳದಲ್ಲೇ ಇತ್ತು.

ಹಾಗಂತ ಫೋನು ಬಿಡೋದಿಲ್ಲ. ರಾಯಚೂರಿನ ಆ ಅಣ್ಣ ಇವತ್ತೂ ಕೇಳ್ತಾರೆ. ಆದರೆ ಈಗ ವಿಡಿಯೊ ಶುರುವಾಗೋ ಮುಂಚೆ ಎಂಟು ಜನರೂ ಒಬ್ಬೊಬ್ಬರಾಗಿ ಹೆಸರು ಹೇಳ್ತೇವೆ, ಕೇರಿ ಹೇಳ್ತೇವೆ. ಆಮೇಲೇ ತಮಟೆ ಎತ್ತೋದು. ಸದ್ದು ಬೇಕಾದೋರು ಮೊದಲು ನಮ್ಮ ಹೆಸರು ಕೇಳಲಿ.