ದುಡಿಮೆ, ಲೆಕ್ಕ, ನೆನಪು: ವಾಸ್ತವವಾದಿ ಕಾದಂಬರಿಗಳು ರೂಪಿಸಿದ ಒಂದು ಓದು

1

ಕನ್ನಡ ವಿಮರ್ಶೆಯಲ್ಲಿ ‘ವಾಸ್ತವವಾದ’ ಎಂಬ ಪರಿಭಾಷೆ ಬಹುಕಾಲದಿಂದ ಬಳಕೆಯಲ್ಲಿದೆಯಾದರೂ ಅದರ ಬೆಲೆ ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲ. ಪ್ರಗತಿಶೀಲರಿಗೆ ಅದು ಸಮಾಜವನ್ನು ಬದಲಿಸುವ ಸಾಧನವಾಗಿತ್ತು. ನವ್ಯರಿಗೆ ವ್ಯಕ್ತಿಯ ಒಳಲೋಕವನ್ನು ಮುಟ್ಟಲಾರದ ಹಳೆಯ ಮಾರ್ಗವಾಗಿ ಕಂಡಿತು. ಅನಂತರದ ಚರ್ಚೆಗಳಲ್ಲಿ ವಾಸ್ತವವೆಂಬುದೇ ಭಾಷೆಯ ನಿರ್ಮಿತಿ ಎಂಬ ಮಾತು ಕೇಳಿಬಂದು, ವಾಸ್ತವವಾದಿ ಕಾದಂಬರಿಯು ಮುಗ್ಧ ಪ್ರಕಾರವೆಂಬ ಭಾವನೆ ನಮ್ಮ ತರಗತಿಗಳನ್ನೂ ಪ್ರವೇಶಿಸಿತು. ಈ ನಿಲುವುಗಳನ್ನು ನಿರಾಕರಿಸುವುದು ಪ್ರಸ್ತುತ ಬರಹದ ಉದ್ದೇಶವಲ್ಲ. ನನ್ನ ಓದಿನ ಅಭಿರುಚಿಯನ್ನು ರೂಪಿಸಿದ ನಾಲ್ಕು ಕಾದಂಬರಿಗಳನ್ನು ಮುಂದಿಟ್ಟುಕೊಂಡು, ಈ ಪ್ರಕಾರವು ಒಬ್ಬ ಸಾಮಾನ್ಯ ಓದುಗನಿಗೆ ಏನನ್ನು ಕೊಟ್ಟಿತು, ಏನನ್ನು ಕೊಡದೆ ಉಳಿಸಿಕೊಂಡಿತು ಎಂಬುದನ್ನು ಹೇಳಲು ಇಲ್ಲಿ ಪ್ರಯತ್ನಿಸಿದ್ದೇನೆ.

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಮತ್ತು ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ (1915) ಕೃತಿಗಳಿಂದಲೇ ಕನ್ನಡ ಕಾದಂಬರಿಯು ತನ್ನ ಸುತ್ತಲಿನ ಮನೆ, ಮಠ, ಬೀದಿ, ಕಚೇರಿಗಳ ಕಡೆಗೆ ಕಣ್ಣು ತಿರುಗಿಸಿತು ಎಂಬುದು ತಿಳಿದ ಸಂಗತಿ. ಆದರೆ ಯಾವ ಓದುಗನೂ ಸಾಹಿತ್ಯ ಚರಿತ್ರೆಯ ಕ್ರಮದಲ್ಲಿ ಪುಸ್ತಕಗಳನ್ನು ಪ್ರೀತಿಸಲು ತೊಡಗುವುದಿಲ್ಲ. ಕೈಗೆ ಸಿಕ್ಕಿದ್ದು ಮೊದಲು, ಚರಿತ್ರೆ ಆಮೇಲೆ. ನಾನು ಹುಟ್ಟಿ ಬೆಳೆದದ್ದು ಬಯಲುಸೀಮೆಯ ಒಂದು ಹಳ್ಳಿಯಲ್ಲಿ. ಮನೆಯಲ್ಲಿದ್ದ ಪುಸ್ತಕಗಳೆಂದರೆ ಒಂದು ಪಂಚಾಂಗ, ಒಂದು ಜೈಮಿನಿ ಭಾರತ, ಮತ್ತು ಅಪ್ಪ ಸಾಲಸೋಲಗಳನ್ನು ಗುರುತುಹಾಕುತ್ತಿದ್ದ ಉದ್ದನೆಯ ಲೆಕ್ಕದ ಪುಸ್ತಕ. ಈ ಮೂರನೆಯದಕ್ಕೂ ಕಾದಂಬರಿಗೂ ಹತ್ತಿರದ ನಂಟಿದೆಯೆಂದು ಹೊಳೆದದ್ದು ಬಹಳ ತಡವಾಗಿ.

2

ಪದವಿಪೂರ್ವ ತರಗತಿಯಲ್ಲಿದ್ದಾಗ ಓದಿದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ನನ್ನನ್ನು ಹಿಡಿದು ನಿಲ್ಲಿಸಿದ ಮೊದಲ ಕಾದಂಬರಿ. ಆವರೆಗೆ ನಾನು ಕಡಲನ್ನು ಕಂಡಿರಲಿಲ್ಲ. ಕೋಡಿಯ ಮರಳುದಿಣ್ಣೆ, ಹೊಳೆಯ ನೆರೆ, ಉಪ್ಪುನೀರಿನ ಅಂಚಿನ ಗದ್ದೆ ಇವಾವುವೂ ನನ್ನ ಅನುಭವಕ್ಕೆ ಸೇರಿದವಲ್ಲ. ಆದರೂ ಆ ಊರು ನನಗೆ ಪರಕೀಯವೆನಿಸಲಿಲ್ಲ. ಇದಕ್ಕೆ ಕಾರಣ ಪ್ರಕೃತಿ ವರ್ಣನೆಗಿಂತ ಹೆಚ್ಚಾಗಿ ದುಡಿಮೆಯ ವಿವರಗಳೆಂದು ಈಗ ತೋರುತ್ತದೆ.

ರಾಮ ಐತಾಳರ ಮನೆಯಲ್ಲಿ ಹೆಂಡತಿ ಪಾರೋತಿ ಮತ್ತು ತಂಗಿ ಸರಸೋತಿ ಇಡೀ ದಿನ ದುಡಿಯುತ್ತಾರೆ. ಆ ದುಡಿಮೆಯ ಫಲ ಗಂಡಸಿನ ಹೆಸರಿನಲ್ಲಿ ಜಮೆಯಾಗುತ್ತದೆ. ಮಗ ಲಚ್ಚನ ಇಂಗ್ಲಿಷ್ ವಿದ್ಯೆಗೆ ಖರ್ಚಾಗುತ್ತದೆ. ಆ ವಿದ್ಯೆ ಕಲಿತವನಿಂದಲೇ ಮನೆ ಹಾಳಾಗುತ್ತದೆ. ನೆರೆಯ ಶೀನಮಯ್ಯರ ಮಕ್ಕಳು ಬೆಂಗಳೂರಿನಲ್ಲಿ ಹೋಟೆಲು ನಡೆಸಿ ಗಳಿಸಿದ ದುಡ್ಡು ಊರಿನ ಮಾನಾಪಮಾನದ ಅಳತೆಗೋಲನ್ನೇ ಬದಲಿಸುತ್ತದೆ. ಮೂರು ತಲೆಮಾರಿನ ಈ ಕಥನದಲ್ಲಿ ಯಾರು ಎಷ್ಟು ದುಡಿದರು, ಯಾರು ಎಷ್ಟು ಉಂಡರು ಎಂಬ ಲೆಕ್ಕವನ್ನು ಕಾರಂತರು ಎಲ್ಲಿಯೂ ಘೋಷಿಸುವುದಿಲ್ಲ. ಆದರೆ ಓದುಗ ಅದನ್ನು ತನ್ನಷ್ಟಕ್ಕೆ ಕೂಡಿಸಿಕೊಳ್ಳದೆ ಮುಂದೆ ಹೋಗಲಾರ. ಕೊನೆಗೆ ಮೊಮ್ಮಗ ರಾಮ ಮದರಾಸು, ಮುಂಬಯಿಗಳನ್ನು ಸುತ್ತಿ ಮಣ್ಣಿಗೆ ಮರಳುವುದನ್ನು ಗಾಂಧೀಯುಗದ ಆದರ್ಶವಾಗಿ ಓದುವುದು ರೂಢಿ. ನನಗೆ ಅದು ಅಷ್ಟೇ ಆಗಿ ಕಾಣಲಿಲ್ಲ. ಅಜ್ಜಿಯರು ಬಾಳಿನುದ್ದಕ್ಕೂ ಮಾಡಿದ ದುಡಿಮೆಯ ಋಣ ಮೊಮ್ಮಗನ ಕೈಗೆ ಬಂದು ನಿಂತಂತೆ ಕಂಡಿತು. ಹೆಂಗಸರ ದಿನನಿತ್ಯದ ಕೆಲಸವೂ ಕಥೆಯ ನಡುಗಂಬವಾಗಬಲ್ಲದೆಂಬ ಅರಿವು ಸ್ತ್ರೀವಾದಿ ವಿಮರ್ಶೆಯನ್ನು ಓದುವುದಕ್ಕೆ ಮೊದಲೇ ಈ ಕೃತಿಯಿಂದ ದೊರೆತಿತ್ತು.

3

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ನನ್ನ ಮಟ್ಟಿಗೆ ಒಂಟಿಯಾಗಿ ಓದಿದ ಪುಸ್ತಕವಲ್ಲ. ರಜೆಯಲ್ಲಿ ಊರಿಗೆ ಹೋದಾಗ ಗ್ರಂಥಾಲಯದಿಂದ ತಂದ ಪ್ರತಿಯನ್ನು ಅಕ್ಷರ ಬಾರದ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಕೆಲಸಕ್ಕೆ ಬಾರದ ಶ್ಯಾನುಭೋಗ ಚೆನ್ನಿಗರಾಯನ ಹೆಂಡತಿ ನಂಜಮ್ಮ ಗಂಡನ ಲೆಕ್ಕಪುಸ್ತಕಗಳನ್ನು ತಾನೇ ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚಿ ಮಕ್ಕಳನ್ನು ಸಾಕುತ್ತಾಳೆ. ಎಲೆಯ ಪ್ರಸಂಗ ಬಂದಾಗ ಅಜ್ಜಿ ಓದನ್ನು ತಡೆದು, “ಎಲೆ ಆಯ್ದು ತಂದೋಳಿಗೆ ಗೊತ್ತು ಕಣಪ್ಪ ಬೆನ್ನುನೋವು. ಬರೆದ ಗಂಡಸಿಗೆ ಯಾರು ಹೇಳಿದ್ರು?” ಎಂದು ಕೇಳಿದಳು. ವಿಮರ್ಶೆಯಲ್ಲಿ ‘ಅಧಿಕೃತತೆ’ಯ ಪ್ರಶ್ನೆ ಎಂದು ನಾವು ಕರೆಯುವುದನ್ನು ಅವಳು ಒಂದೇ ವಾಕ್ಯದಲ್ಲಿ ಕೇಳಿದ್ದಳು. ಲೇಖಕರು ಸಂತೇಶಿವರದಲ್ಲಿ ಬಡತನದಲ್ಲಿ ಬೆಳೆದದ್ದನ್ನೂ ಪ್ಲೇಗಿನಲ್ಲಿ ತಾಯಿಯನ್ನು ಕಳೆದುಕೊಂಡದ್ದನ್ನೂ ‘ಭಿತ್ತಿ’ (1996) ಪ್ರಕಟವಾದ ಮೇಲೆ ವಿವರವಾಗಿ ಓದಿದೆ. ಆ ವೇಳೆಗೆ ಉತ್ತರ ಕೇಳಲು ಅಜ್ಜಿ ಇರಲಿಲ್ಲ.

ಮೈಸೂರು ಸಂಸ್ಥಾನವನ್ನು 1898ರಲ್ಲಿ ಪ್ರವೇಶಿಸಿದ ಪ್ಲೇಗು ಮುಂದಿನ ನಾಲ್ಕು ದಶಕಗಳ ಕಾಲ ಮತ್ತೆಮತ್ತೆ ಮರುಕಳಿಸುತ್ತಿತ್ತು. ಇಲಿ ಬಿತ್ತೆಂದರೆ ಊರೇ ಬರಿದಾಗಿ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಕಾದಂಬರಿಯಲ್ಲಿ ನಂಜಮ್ಮನ ಮಕ್ಕಳು ಒಬ್ಬರ ಹಿಂದೊಬ್ಬರು ತೀರಿಕೊಳ್ಳುವ ಅಧ್ಯಾಯವನ್ನು ನಾನು ಓದಿ ಮುಗಿಸಿದ ರಾತ್ರಿ, ಅಜ್ಜಿ ತನ್ನ ಇಬ್ಬರು ತಮ್ಮಂದಿರ ಹೆಸರು ಹೇಳಿದಳು. ಒಬ್ಬ ಗುಡಿಸಲಲ್ಲೇ ಹೋದನಂತೆ, ಇನ್ನೊಬ್ಬ ಊರಿಗೆ ಹಿಂದಿರುಗಿದ ಮೂರನೆಯ ದಿನ. ಆ ಹೆಸರುಗಳನ್ನು ಅಪ್ಪನೂ ಅದುವರೆಗೆ ಕೇಳಿರಲಿಲ್ಲ. ನಮ್ಮ ಮನೆಯ ಯಾವ ಕಾಗದದಲ್ಲೂ ಅವು ಇಲ್ಲ. ಅರ್ಧ ಶತಮಾನ ಒಬ್ಬಳ ಎದೆಯಲ್ಲಿ ಹೂತುಹೋಗಿದ್ದ ಎರಡು ಹೆಸರುಗಳನ್ನು ಹೊರತೆಗೆದದ್ದು ಒಂದು ಕಲ್ಪಿತ ಕುಟುಂಬದ ಕಥೆ. ಅವಳು ಅಳಲಿಲ್ಲ, “ನಾಳೆ ಮಿಕ್ಕಿದ್ದು ಓದು” ಎಂದಳು.

ಭಾವುಕತೆಯ ಆರೋಪಕ್ಕೆ ಗುರಿಯಾಗಬಹುದಾದ ಈ ಪ್ರಸಂಗವನ್ನು ದಾಖಲಿಸಲು ಒಂದು ತಾತ್ವಿಕ ಕಾರಣವಿದೆ. ವಾಸ್ತವವಾದಿ ಕೃತಿ ಲೋಕದ ಪ್ರತಿಬಿಂಬವೇ ಅಲ್ಲವೇ ಎಂಬ ವಾಗ್ವಾದದಲ್ಲಿ ನಾವು ಕೃತಿ ಮತ್ತು ಲೋಕ ಎಂಬ ಎರಡನ್ನು ಮಾತ್ರ ಎಣಿಸುತ್ತೇವೆ. ಕೇಳುವವರ ನೆನಪು ಅಲ್ಲಿ ಮೂರನೆಯದಾಗಿ ಇರುತ್ತದೆ. ವಿವರಗಳು ನಿಖರವಾಗಿದ್ದಾಗ ಆ ನೆನಪಿಗೆ ಬಾಯಿ ಬರುತ್ತದೆ. ಎಲೆ ಹಚ್ಚುವ ವಿವರ ಹುಸಿಯಾಗಿದ್ದರೆ ಅಜ್ಜಿ ಸಾವಿನ ಅಧ್ಯಾಯವನ್ನೂ ನಂಬುತ್ತಿರಲಿಲ್ಲ, ಆ ಹೆಸರುಗಳೂ ಅವಳೊಂದಿಗೇ ಹೋಗಿಬಿಡುತ್ತಿದ್ದವು.

4

ಮೂರನೆಯ ಕೃತಿ ಕಾರಂತರದೇ ಆದ ‘ಚೋಮನ ದುಡಿ’ (1933). ಬೇಸಾಯಗಾರನಾಗಬೇಕೆಂಬ ಚೋಮನ ಆಸೆ ಜಾತಿಯ ಕಟ್ಟಳೆಗೆ ಸಿಕ್ಕಿ ನುಚ್ಚುನೂರಾಗುವ ಕಥೆಯನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಇಲ್ಲಿಯೂ ನನ್ನನ್ನು ಕಾಡಿದ್ದು ಲೆಕ್ಕವೇ. ತೋಟದ ಸಾಲ ತೀರಿಸಲು ಹೋದ ಮಗಳು ಬೆಳ್ಳಿ ಹಿಂದಿರುಗಿದಾಗ ಸಾಲ ತೀರಿರುತ್ತದೆ. ಅದು ಹೇಗೆ ತೀರಿತೆಂಬುದು ತೋಟದ ಯಾವ ಪುಸ್ತಕದಲ್ಲೂ ಬರೆದಿಲ್ಲ. ಆ ಬರೆಯದ ಬಾಬತ್ತನ್ನು ಬರೆದಿಟ್ಟದ್ದು ಕಾದಂಬರಿ. ಈ ಒಂದು ಕಾರಣಕ್ಕಾಗಿಯೇ ಈ ಚಿಕ್ಕ ಪುಸ್ತಕವನ್ನು ಬಹುಕಾಲ ನಿಷ್ಕಳಂಕ ಕೃತಿಯೆಂಬಂತೆ ತರಗತಿಗಳಲ್ಲಿ ಬೋಧಿಸಿದೆ.

ಒಮ್ಮೆ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, “ಸಾರ್, ಚೋಮನಿಗೆ ದುಡಿ ಕೊಟ್ಟಿದ್ದಾರೆ, ಮಾತು ಯಾಕೆ ಇಷ್ಟು ಕಡಿಮೆ ಕೊಟ್ಟಿದ್ದಾರೆ? ನಮ್ಮಜ್ಜ ಹೀಗೆ ಸುಮ್ಮನಿರೋರಲ್ಲ” ಎಂದಳು. ತರಗತಿ ನಿಶ್ಶಬ್ದವಾಯಿತು. ಅವಳ ಮಾತು ಕೃತಿಯನ್ನು ತಳ್ಳಿಹಾಕುವ ಉದ್ದೇಶದ್ದಾಗಿರಲಿಲ್ಲ. ಪಠ್ಯವನ್ನು ನನಗಿಂತ ಹೆಚ್ಚು ಬಾರಿ ಓದಿದ್ದಳು. ನನ್ನ ಅಜ್ಜಿ ನಂಜಮ್ಮನಲ್ಲಿ ತನ್ನನ್ನು ಗುರುತಿಸಿಕೊಂಡಿದ್ದಳು. ಈ ವಿದ್ಯಾರ್ಥಿನಿಗೆ ಚೋಮನಲ್ಲಿ ತನ್ನ ಅಜ್ಜ ಕಾಣಲಿಲ್ಲ. ವಿವರ ನಿಖರವಾಗಿದ್ದರೂ ನೋಟ ಹೊರಗಿನದಾಗಿರಬಹುದು, ಅನುಕಂಪವೂ ಪಾತ್ರವನ್ನು ಮೂಕವಾಗಿಸಬಹುದು ಎಂಬ ತೊಡಕು ಅಲ್ಲಿ ತೆರೆದುಕೊಂಡಿತು.

ಮುಂದಿನ ವಾರ ನಾವು ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಜೊತೆಗಿಟ್ಟುಕೊಂಡು ಓದಿದೆವು. ಸಾಕವ್ವ ಕಾಣೆಯಾದ ಹುಂಜಕ್ಕಾಗಿ ಊರಿಗೇ ಕೇಳುವಂತೆ ಬೈಯುತ್ತಾಳೆ, ಮಕ್ಕಳೊಡನೆ ಜಗಳವಾಡುತ್ತಾಳೆ, ಹಂಬಲಿಸುತ್ತಾಳೆ. ಕದ್ದು ತಂದ ಕಡಲೆಕಾಯಿಯನ್ನು ಇಡೀ ಕುಟುಂಬ ಸುತ್ತ ಕುಳಿತು ತಿನ್ನುವ ರಾತ್ರಿ ಕನ್ನಡ ಗದ್ಯದ ಅತ್ಯಂತ ಸಂಭ್ರಮದ ರಾತ್ರಿಗಳಲ್ಲಿ ಒಂದು. ಹಸಿವಿನ ವಾಸ್ತವದೊಳಗೆ ನಗೆಯೂ ವಾಸ್ತವವೆಂಬುದು ಆ ಭಾಷೆಯ ಒಳಗಿನಿಂದಲೇ ಹೊಮ್ಮುತ್ತದೆ. ಇದನ್ನು ಓದಿದ ಮೇಲೆ ‘ಚೋಮನ ದುಡಿ’ ಸಣ್ಣದಾಯಿತೇ? ನನಗೆ ಹಾಗೆನಿಸಲಿಲ್ಲ. ಭೂಮಿ ಯಾಕೆ ದಕ್ಕಲಿಲ್ಲ ಎಂಬುದನ್ನು ಚೋಮನ ಕಥೆಯಷ್ಟು ನಿಷ್ಠುರವಾಗಿ ತೋರಿಸುವ ಕೃತಿ ಕಡಿಮೆ. ಆದರೆ ಒಂದು ಪುಸ್ತಕವನ್ನು ಪ್ರೀತಿಸುವುದೆಂದರೆ ಅದು ಹೇಳಲಾರದ್ದನ್ನು ಹೇಳುವ ಇನ್ನೊಂದು ಪುಸ್ತಕಕ್ಕೆ ಪಕ್ಕದಲ್ಲಿ ಜಾಗ ಮಾಡಿಕೊಡುವುದೂ ಹೌದೆಂಬುದನ್ನು ಆ ಎರಡು ವಾರಗಳ ಪಾಠ ನನಗೆ ಕಲಿಸಿತು.

5

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಮೇಲಿನ ಮೂರಕ್ಕಿಂತ ಭಿನ್ನ ನೆಲೆಯದು. ಅದರ ದರ್ಶನ ವಾಸ್ತವವಾದದ ಗಡಿಯನ್ನು ದಾಟುತ್ತದೆ. ಆದರೂ ಅದನ್ನು ಈ ಪಟ್ಟಿಯಲ್ಲಿ ಸೇರಿಸುತ್ತೇನೆ. ಏಕೆಂದರೆ ಆ ದರ್ಶನ ನಿಂತಿರುವುದು ಜಿಗಣೆ, ಕೆಸರು, ಹಂದಿಬೇಟೆ, ಗಾಡಿದಾರಿಗಳ ಅಪಾರ ವಿವರಗಳ ಮೇಲೆ. ಗುತ್ತಿ ಮತ್ತು ತಿಮ್ಮಿ, ಐತ ಮತ್ತು ಪೀಂಚಲು, ಮುಕುಂದಯ್ಯ ಮತ್ತು ಚಿನ್ನಮ್ಮ ಇವರಲ್ಲಿ ಯಾರ ದಾರಿ ಮುಖ್ಯದಾರಿ ಎಂದು ಕಾದಂಬರಿ ನಿರ್ಧರಿಸುವುದಿಲ್ಲ. ಗುತ್ತಿಯ ನಾಯಿ ಹುಲಿಯನಿಗೂ ಅಲ್ಲಿ ಪೂರ್ಣ ಜೀವವಿದೆ. ಆ ನಾಯಿ ಹೊಳೆಯ ಪಾಲಾಗುವ ಪುಟಗಳನ್ನು ಪಾಠ ಮಾಡುವಾಗ ಇಂದಿಗೂ ನನ್ನ ದನಿ ತಡವರಿಸುತ್ತದೆ. ಮೇಲಿನ ಮೂರು ಕೃತಿಗಳು ಕಲಿಸಿದ ಲೆಕ್ಕ ಇಲ್ಲಿ ಮನುಷ್ಯರನ್ನು ದಾಟಿ ವಿಸ್ತರಿಸುತ್ತದೆ: ಎಣಿಕೆಗೆ ಸಿಗದ ಜೀವ ಯಾವುದೂ ಇಲ್ಲ.

ಈ ನಾಲ್ಕರಲ್ಲಿ ಯಾವುದನ್ನೂ ಸಾರಾಂಶದಲ್ಲಿ ತಿಳಿಯಲಾಗದು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಸೆಮಿಸ್ಟರಿನ ಅವಧಿಯಲ್ಲಿ ದೊಡ್ಡ ಕಾದಂಬರಿಯೊಂದನ್ನು ಪೂರ್ತಿ ಓದಿಸುವುದು ಕಷ್ಟವಾಗಿ, ಕೃತಿಯ ಬದಲು ಕೃತಿಯ ಬಗೆಗಿನ ಲೇಖನವನ್ನು ಓದಿ ಉತ್ತರ ಬರೆಯುವ ಪರಿಪಾಠ ಬೆಳೆದಿದೆ. ಹಾಗೆ ಓದಿದವರಿಗೆ ಸರಸೋತಿ ‘ಸ್ತ್ರೀ ಸಂವೇದನೆ’ಯ ಉದಾಹರಣೆಯಾಗಿ, ಬೆಳ್ಳಿ ‘ಶೋಷಣೆ’ಯ ಉದಾಹರಣೆಯಾಗಿ ಸಿಗುತ್ತಾರೆ, ಅವರ ದಿನಗಳು ಸಿಗುವುದಿಲ್ಲ. ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಹುಟ್ಟಿದ್ದು ಪರಿಕಲ್ಪನೆಗಳಿಂದಲ್ಲ, ಮೂಲಪಠ್ಯವನ್ನು ಮೂರು ಬಾರಿ ಓದಿದ್ದರಿಂದ. ಆದ್ದರಿಂದ ನಮ್ಮ ವಿಭಾಗಗಳು ವರ್ಷಕ್ಕೆ ಒಂದೇ ಕಾದಂಬರಿಯನ್ನಾದರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಸಾಧ್ಯವಾದರೆ ಗಟ್ಟಿಯಾಗಿ, ತರಗತಿಯಲ್ಲಿಯೇ ಓದುವ ಕ್ರಮವನ್ನು ರೂಢಿಸಿಕೊಳ್ಳುವುದು ಒಳಿತು. ಪಠ್ಯದ ಭಾಗಗಳು ಕೆಲವು ಉಳಿದುಹೋಗಬಹುದು. ಕೇಳುತ್ತ ಕುಳಿತವರಲ್ಲಿ ಯಾರಾದರೊಬ್ಬರು ನಡುವೆ ತಡೆದು ಪ್ರಶ್ನೆ ಕೇಳಿದರೆ ಆ ನಷ್ಟ ತುಂಬಿಬರುತ್ತದೆ.