ಬಾಹುಕನ ಶಾಲೆಯಲ್ಲಿ ಒಂದು ದಿನ

ಈಜು ಬಾರದವನು ತನಗೆ ಈಜು ಬಾರದೆಂದು ನಿಸ್ಸಂಕೋಚವಾಗಿ ಹೇಳಿಕೊಳ್ಳುತ್ತಾನೆ. ಸಂಗೀತ ಬಾರದವನು ಕಚೇರಿಯಲ್ಲಿ ತಲೆದೂಗಿ ಹೇಗೋ ಮಾನ ಉಳಿಸಿಕೊಳ್ಳುತ್ತಾನೆ. ಆದರೆ ಕಾರು ಓಡಿಸುವವರ ಪೈಕಿ “ನನಗೆ ಅಷ್ಟು ಚೆನ್ನಾಗಿ ಓಡಿಸಲು ಬಾರದು” ಎಂದು ಒಪ್ಪಿಕೊಂಡ ಪುಣ್ಯಾತ್ಮನನ್ನು ನಾನು ಬಹುಕಾಲ ಕಂಡಿರಲಿಲ್ಲ. ಓಡಿಸಲು ಬಾರದವರೆಲ್ಲ ಯಾವಾಗಲೂ ಎದುರಿನಿಂದ ಬರುವ ಗಾಡಿಯಲ್ಲಿಯೇ ಕುಳಿತಿರುತ್ತಾರೆ! ಇದಕ್ಕೆ ಕಾರಣವೂ ಇಲ್ಲದಿಲ್ಲ. ನಮ್ಮಲ್ಲಿ ಒಬ್ಬನು ಡ್ರೈವಿಂಗ್ ಸ್ಕೂಲಿಗೆ ಕೆಲವು ವಾರ ಹೋಗಿ, ಮೈದಾನದಲ್ಲಿ ಎಂಟರ ಅಂಕಿಯಂತೆ ಗಾಡಿ ತಿರುಗಿಸಿ ತೋರಿಸಿ ಲೈಸೆನ್ಸು ಪಡೆದನೆಂದರೆ ಅವನ ವಿದ್ಯಾಭ್ಯಾಸ ಅಲ್ಲಿಗೆ ಸಮಾಪ್ತಿ. ಮುಂದೆ ನಲವತ್ತು ವರ್ಷ ಓಡಿಸಿದರೂ ಅವನ ತಪ್ಪನ್ನು ತಿದ್ದುವ ಗುರುವಿಲ್ಲ. ತಿದ್ದಲು ಹೋದ ಹೆಂಡತಿಯ ಮಾತು ಹಾರನ್ನಿನ ಸದ್ದಿನಲ್ಲಿ ಕೇಳಿಸುವುದಿಲ್ಲ.

ಆದ್ದರಿಂದ, ಹದಿನೆಂಟು ವರ್ಷಗಳಿಂದ ಕಾರು ಓಡಿಸುತ್ತಿದ್ದ ನನ್ನ ಸೋದರಮಾವನವರು ರಜಾ ಹಾಕಿ, ಹಣ ಕಟ್ಟಿ, ಚೆನ್ನೈ ಬಳಿಯ ಮೋಟಾರು ಪಂದ್ಯದ ಹಾದಿಗೆ ಕಾರು ಓಡಿಸುವುದನ್ನು ಕಲಿಯಲು ಹೊರಟಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಅವರೇನೂ ಪಂದ್ಯದ ಶೂರರಲ್ಲ. ಬೆಂಗಳೂರಿನ ಬ್ಯಾಂಕೊಂದರಲ್ಲಿ ಕೆಲಸ, ನಲವತ್ತಾರು ವಯಸ್ಸು, ಸಕ್ಕರೆ ಕಾಯಿಲೆಗೆ ಬೆಳಗ್ಗೆ ಒಂದು ಮಾತ್ರೆ. ಗಾಡಿ ಹಳೆಯ ಮಾರುತಿ ಸ್ವಿಫ್ಟ್. “ಜೊತೆಗೆ ಬಾರೋ, ದಾರೀಲಿ ಮಾತಿಗೆ ಒಬ್ಬರು ಬೇಕು” ಎಂದು ನನ್ನನ್ನು ಕರೆದರು. ಅಜ್ಜಿಗೆ ನಿಜ ಹೇಳುವ ಧೈರ್ಯವಿಲ್ಲದೆ “ಶ್ರೀಪೆರುಂಬುದೂರಿನ ಕಡೆ ಹೋಗಿಬರ್ತೀವಮ್ಮ” ಎಂದರು. ಇದು ಸುಳ್ಳಲ್ಲ; ಆ ಹಾದಿ ಇರುವುದು ಶ್ರೀಪೆರುಂಬುದೂರಿನ ಸಮೀಪದಲ್ಲಿಯೇ. ಆದರೆ ಅದು ರಾಮಾನುಜಾಚಾರ್ಯರು ಹುಟ್ಟಿದ ಊರು. ಮೇಲುಕೋಟೆಯ ವೈರಮುಡಿಯನ್ನು ಒಂದು ವರ್ಷವೂ ತಪ್ಪಿಸದ ನಮ್ಮಜ್ಜಿ, ಮಗನಿಗೆ ಕೊನೆಗೂ ಭಕ್ತಿ ಹುಟ್ಟಿತೆಂದು ಕಣ್ಣಿಗೆ ಸೆರಗು ಒತ್ತಿಕೊಂಡು ಹುಂಡಿಗೆ 101 ರೂಪಾಯಿ ಕೊಟ್ಟಳು. ಆ ಹಣ ಹುಂಡಿಗೇ ಸೇರಿತೆಂಬುದನ್ನು ಮೊದಲೇ ದಾಖಲು ಮಾಡಿಬಿಡುತ್ತೇನೆ.

ಮಾವನ ಮನಸ್ಸಿನಲ್ಲಿದ್ದ ಕಾರಣ ಬೇರೆ. ಎರಡು ವರ್ಷದ ಹಿಂದೆ ಆಷಾಢದ ಮಳೆಯಲ್ಲಿ ಧರ್ಮಸ್ಥಳಕ್ಕೆಂದು ಶಿರಾಡಿ ಘಾಟಿಯನ್ನು ಇಳಿಯುತ್ತಿದ್ದೆವು. ಮಾವನ ಪಕ್ಕದಲ್ಲಿ ಅತ್ತೆ. ಹಿಂದೆ ನಾನೂ ಅವರ ಇಬ್ಬರು ಮಕ್ಕಳೂ. ಒಂದು ತಿರುವಿನಲ್ಲಿ ಗಾಡಿಯ ಹಿಂಭಾಗ ಇದ್ದಕ್ಕಿದ್ದಂತೆ ಜಾರಿತು. ಗಾಡಿ ಅರ್ಧ ಸುತ್ತು ತಿರುಗಿ, ಬಂದ ದಾರಿಯನ್ನೇ ನೋಡುತ್ತ, ಬೆಟ್ಟದ ಕಡೆಯ ಚರಂಡಿಯಲ್ಲಿ ಹಿಂಚಕ್ರವಿಟ್ಟು ನಿಂತಿತು. ಇನ್ನೊಂದು ಕಡೆಗೆ ಜಾರಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ. “ರಸ್ತೆ ಮೇಲೆ ಯಾರೋ ಲಾರಿಯವರು ಎಣ್ಣೆ ಚೆಲ್ಲಿದ್ದಾರೆ” ಎಂದರು ಮಾವ. ಅತ್ತೆ ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ಅವರು ಮಾವ ಓಡಿಸುವ ಗಾಡಿಗೆ ಹತ್ತಲಿಲ್ಲ. ಮದುವೆಗೂ ಮುಂಜಿಗೂ ಮಕ್ಕಳನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಬರುವರು. ಮಾವ ಖಾಲಿ ಗಾಡಿಯಲ್ಲಿ ಒಬ್ಬರೇ. ನೆಂಟರಿಗೆ ಇದೊಂದು ತಮಾಷೆಯ ಸಂಗತಿಯಾಯಿತು. ಮಾವನಿಗೆ ಆಗಲಿಲ್ಲ.

ಆ ಹಾದಿಯಿರುವ ಸ್ಥಳದ ಹೆಸರು ಇರುಂಗಾಟ್ಟುಕೋಟ್ಟೈ. ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್ ದೂರ, ಚೆನ್ನೈ ಹೆದ್ದಾರಿಯ ಮಗ್ಗುಲಲ್ಲೇ. ಮೊದಲಿನ ದಿನಗಳಲ್ಲಿ ಶೋಳಾವರಂ ಎಂಬಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನಪಟ್ಟಿಯೊಂದರ ಮೇಲೆ ಪಂದ್ಯಗಳು ನಡೆಯುತ್ತಿದ್ದುವಂತೆ. 1990ರಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರ ಈ ಹಾದಿ ತೆರೆಯಿತು. ಒಂದು ಸುತ್ತಿಗೆ 3.717 ಕಿಲೋಮೀಟರ್, 12 ತಿರುವು. ಪಂದ್ಯವಿಲ್ಲದ ಕೆಲವು ದಿನಗಳಲ್ಲಿ ನಮ್ಮಂಥವರ ಮನೆಬಳಕೆಯ ಗಾಡಿಗಳಿಗೂ ಇಲ್ಲಿ ಪ್ರವೇಶ ದೊರೆಯುತ್ತದೆ.

ಬೆಳಗ್ಗೆ ಏಳು ಗಂಟೆಗೆ ಹೋಗಿ ನೋಡಿದರೆ ಅಲ್ಲಿ ನೆರೆದಿದ್ದವರಲ್ಲಿ ಅರ್ಧಕ್ಕರ್ಧ ಕನ್ನಡ ಮಾತು! ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು, ಒಬ್ಬ ದಂತವೈದ್ಯರು, ಅಪ್ಪ-ಮಗ ಒಂದೇ ಗಾಡಿಯಲ್ಲಿ ಸರದಿಯಂತೆ ಓಡಿಸಲು ಬಂದವರು. ಚಹಾ ಕುಡಿಯುತ್ತ ಎಲ್ಲರೂ ಅಂತಃಪುರದ ಉತ್ತರಕುಮಾರರೇ. ಏರ್‌ಪೋರ್ಟ್ ರಸ್ತೆಯಲ್ಲಿ ತಾವು ಗಂಟೆಗೆ ಎಷ್ಟು ಮೈಲಿ ಹೋದೆವೆಂಬುದೇ ಎಲ್ಲರ ಬಾಯಲ್ಲೂ. ಅಷ್ಟರಲ್ಲಿ ಒಂದು ಕಾಗದ ಬಂತು: ಏನಾದರೂ ಆದರೆ ಹೊಣೆ ನನ್ನದೇ ಎಂದು ರುಜು ಹಾಕಬೇಕು. ನಮ್ಮ ಮಾಮೂಲು ಮೋಟಾರು ವಿಮೆ ಪಂದ್ಯಕ್ಕೂ ವೇಗಪರೀಕ್ಷೆಗೂ ಒದಗುವುದಿಲ್ಲವೆಂಬುದೂ ಆಗಲೇ ತಿಳಿಯಿತು. ಮಾತು ಸ್ವಲ್ಪ ಕಡಿಮೆಯಾಯಿತು.

ಮೊದಲ ಪಾಠ ನಡೆದದ್ದು ಕೋಣೆಯಲ್ಲಿ, ಬೆಂಚಿನ ಮೇಲೆ. ನಾನೂ ಹಿಂದಿನ ಸಾಲಿನಲ್ಲಿ ಕುಳಿತೆ. ಗುರುಗಳು ಹೊಸೂರಿನ ಕಡೆಯವರು. ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸುತ್ತಿದ್ದರು. ಮೊದಲು ಬಾವುಟಗಳ ಪಾಠ. ಹಳದಿ ಕಂಡರೆ ಮುಂದೆ ಅಪಾಯ, ಯಾರನ್ನೂ ಹಿಂದೆ ಹಾಕಕೂಡದು. ನೀಲಿ ಕಂಡರೆ ಹಿಂದೆ ವೇಗದ ಗಾಡಿಯಿದೆ, ದಾರಿ ಬಿಡಿ. ಕೆಂಪು ಕಂಡರೆ ಎಲ್ಲರ ಓಟವೂ ಅಲ್ಲಿಗೆ ನಿಂತಿತು. ಕಪ್ಪು ಬಾವುಟ ತೋರಿಸಿದರೆ ಅದು ನಿಮಗೇ. ಒಳಗೆ ಬಂದು ಬೈಸಿಕೊಳ್ಳಬೇಕು. ಹಿಂದೆ ಹಾಕುವುದು ನೇರ ಹಾದಿಯಲ್ಲಿ ಮಾತ್ರ, ಅದೂ ಮುಂದಿನವರು ಕಿಟಕಿಯಿಂದ ಕೈ ಚಾಚಿ “ಹೋಗಿ” ಎಂದು ತೋರಿಸಿದ ಮೇಲೆ. “ಹಾರನ್ ಯಾವಾಗ ಹೊಡೀಬೇಕು ಸಾರ್?” ಎಂದು ಒಬ್ಬರು ಕೇಳಿದರು. ಗುರುಗಳು ಬಹಳ ಹೊತ್ತು ನಕ್ಕರು. ಅಲ್ಲಿ ಹಾರನ್ನಿಗೆ ಕೆಲಸವೇ ಇಲ್ಲ. ನಮ್ಮವರಿಗೆ ಒಂದು ಅಂಗವನ್ನೇ ಕಳೆದುಕೊಂಡಂತಾಯಿತು.

ಆಮೇಲೆ ಕುಳಿತುಕೊಳ್ಳುವ ಪಾಠ. ಹದಿನೆಂಟು ವರ್ಷ ಓಡಿಸಿದವರಿಗೆ ಕುಳಿತುಕೊಳ್ಳಲು ಹೇಳಿಕೊಡುವುದೇ ಎಂದು ನಗು ಬಂತು. ಆದರೆ ಬೆನ್ನನ್ನು ಸೀಟಿಗೆ ಪೂರ್ತಿ ಆನಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟಿಯರಿಂಗಿನ ಮೇಲ್ತುದಿಗೆ ತಾಗಬೇಕಂತೆ. ಮಾವನವರ ಮಣಿಕಟ್ಟಿರಲಿ, ಬೆರಳ ತುದಿಯೂ ತಾಗಲಿಲ್ಲ. ಇಷ್ಟು ವರ್ಷವೂ ಅವರು ಆರಾಮಕುರ್ಚಿಯಲ್ಲಿ ಪತ್ರಿಕೆ ಓದುವವರ ಹಾಗೆ ಒರಗಿಕೊಂಡೇ ಓಡಿಸಿದ್ದರು.

ವಿದ್ಯೆಯ ತಿರುಳು ಬಂದದ್ದು ಇದರ ನಂತರ. ಗಾಡಿಗೂ ಭೂಮಿಗೂ ಇರುವ ಸಂಬಂಧವೆಲ್ಲ ನಾಲ್ಕು ಟೈರುಗಳು ನೆಲ ಮುಟ್ಟುವ ಜಾಗದಲ್ಲಿ. ಒಂದೊಂದೂ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ವೇಗ ಹೆಚ್ಚಿಸುವುದು, ತಗ್ಗಿಸುವುದು, ತಿರುಗಿಸುವುದು ಮೂರನ್ನೂ ಈ ನಾಲ್ಕು ಅಂಗೈಗಳೇ ಮಾಡಬೇಕು. ತಿರುಗುವುದರಲ್ಲೇ ಹಿಡಿತವೆಲ್ಲ ಖರ್ಚಾಗಿದ್ದಾಗ ಬ್ರೇಕು ಒತ್ತಿದರೆ ಅವು ಎಲ್ಲಿಂದ ತಂದುಕೊಟ್ಟಾವು? ಅದೂ ಅಲ್ಲದೆ ಬ್ರೇಕು ಒತ್ತಿದಾಗ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಮಂಡ್ಯದ ಹುಡುಗನಾದ ನನಗೆ ಇದು ತಟ್ಟನೆ ಹೊಳೆಯಿತು. ಕಬ್ಬಿನ ಗಾಡಿ ತುಂಬುವವರು ಮುಂಭಾರ, ಹಿಂಭಾರ ಎಂದು ಮಾತಾಡಿಕೊಳ್ಳುವುದನ್ನು ಯಾರು ಕೇಳಿಲ್ಲ? ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಮುರಿಯುತ್ತದೆ. ಕಾರಿನಲ್ಲಿ ಎತ್ತು ಕಾಣುವುದಿಲ್ಲವೆಂದು ನಾವು ಭಾರವನ್ನೇ ಮರೆತಿದ್ದೇವೆ. ಆದ್ದರಿಂದ ನಿಯಮ ಇಷ್ಟೇ: ಬ್ರೇಕು ಹಾಕುವುದೆಲ್ಲ ನೇರ ಹಾದಿಯಲ್ಲಿಯೇ ಮುಗಿಯಬೇಕು, ತಿರುವಿಗೆ ನಿಧಾನವಾಗಿ ಹೊರ ಅಂಚಿನಿಂದ ನುಗ್ಗಬೇಕು, ಒಳತುದಿಯನ್ನು ಸವರಬೇಕು, ಮತ್ತೆ ಹೊರ ಅಂಚಿನ ಕಡೆಗೆ ವೇಗ ಕೂಡಿಸುತ್ತ ಹೊರಬೀಳಬೇಕು. ಎಲ್ಲಿ ಬ್ರೇಕು, ಎಲ್ಲಿ ತಿರುಗು, ಎಲ್ಲಿ ಸವರು ಎಂಬುದಕ್ಕೆ ಹಾದಿಯ ಅಂಚಿನಲ್ಲಿ ಕಿತ್ತಳೆ ಬಣ್ಣದ ಕೋನುಗಳನ್ನು ಇಟ್ಟಿದ್ದರು. ಕಣ್ಣು ಮಾತ್ರ ಯಾವಾಗಲೂ ಮುಂದಿನ ಕೋನಿನ ಮೇಲೆ.

ನಳನ ಕಥೆ ಬಲ್ಲವರಿಗೆ ಬಾಹುಕನ ನೆನಪಿರಬೇಕು. ಋತುಪರ್ಣನ ಉತ್ತರೀಯ ಬಿತ್ತು. ರಥ ನಿಲ್ಲಿಸು ಎನ್ನುವಷ್ಟರಲ್ಲಿ ರಥ ಒಂದು ಯೋಜನ ಮುಂದೆ ಬಂದಿತ್ತು. ನಾವೆಲ್ಲ ಮೆಚ್ಚುವುದು ಆ ವೇಗವನ್ನು. ಋತುಪರ್ಣನು ಬೇಡಿ ಪಡೆದದ್ದಾದರೋ ಅಶ್ವಹೃದಯವನ್ನು, ಕುದುರೆಯ ಒಳಗನ್ನು ತಿಳಿಯುವ ವಿದ್ಯೆಯನ್ನು. ಆ ಬೆಳಗ್ಗೆ ಗುರುಗಳು ಒಂದು ಸಲವೂ “ಬೇಗ ಹೋಗಿ” ಎನ್ನಲಿಲ್ಲ.

ನನಗೆ ಗಾಡಿಯಲ್ಲಿ ಕೂರಲು ಅನುಮತಿಯಿರಲಿಲ್ಲ. ಗೋಡೆಯ ಹಿಂದೆ ನಿಂತು ನೋಡಿದೆ. ಬಿಡಿ ಸಾಮಾನು, ಕುಡಿಯುವ ನೀರಿನ ಬಾಟಲಿ, ಗಣಪತಿಯ ಪುಟ್ಟ ವಿಗ್ರಹ ಎಲ್ಲವನ್ನೂ ಹೊರಗೆ ತೆಗೆಸಿದರು; ಚಕ್ರದ ನಟ್ಟುಗಳನ್ನು ಬಿಗಿದರು; ಮಾವನವರು ಹೆಲ್ಮೆಟ್ಟು ಧರಿಸಿ ಗುರುತೇ ಸಿಗದಂತಾದರು. ಮೊದಲ ಸರದಿಯಲ್ಲಿ ಗುರುಗಳು ಪಕ್ಕದಲ್ಲಿ ಕುಳಿತಿದ್ದರಿಂದ ಎಲ್ಲ ಕ್ರಮವಾಗಿ ನಡೆಯಿತು. ದಂತವೈದ್ಯರ ಹೊಸ ಗಾಡಿಗೆ ಏಬಿಎಸ್ ಇತ್ತು. ಬಲವಾಗಿ ಒತ್ತಿದಾಗ ಕಾಲಿನಡಿ ಪೆಡಲು ತಟತಟ ನಡುಗಿತೆಂದು ಹೆದರಿ, ಏನೋ ಮುರಿಯಿತೆಂದು ಕಾಲನ್ನೇ ತೆಗೆದುಬಿಟ್ಟರಂತೆ! 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ. ಆದರೆ ತಮ್ಮ ಗಾಡಿಯ ಬ್ರೇಕನ್ನು ಒಮ್ಮೆಯಾದರೂ ಪೂರ್ತಿ ಒತ್ತಿ ನೋಡಿದವರು ಅಲ್ಲಿ ಒಬ್ಬರೂ ಇರಲಿಲ್ಲ.

ಎರಡನೆಯ ಸರದಿಯಲ್ಲಿ ಮಾವ ಒಬ್ಬರೇ. ಮೂರನೆಯ ಸುತ್ತಿನಲ್ಲಿ, ನನಗೆ ಕಾಣುವ ಬಲತಿರುವಿಗೆ ಅವರು ಸ್ವಲ್ಪ ಜೋರಾಗಿಯೇ ಬಂದರು. ನಡುವೆ ಧೈರ್ಯ ಕೈಕೊಟ್ಟಿರಬೇಕು. ಗಾಡಿಯ ಮೂತಿ ತಟ್ಟನೆ ಕುಗ್ಗಿತು. ಹಿಂಭಾಗ ಹೊರಕ್ಕೆ ಜಾರಿತು. ಬುಗುರಿಯಂತೆ ತಿರುಗಿ, ಹುಲ್ಲಿನ ಮೇಲೆ ಧೂಳೆಬ್ಬಿಸಿ, ಬಂದ ದಾರಿಯನ್ನೇ ನೋಡುತ್ತ ನಿಂತಿತು. ನನ್ನ ಎದೆಯಲ್ಲಿ ಶಿರಾಡಿಯ ಮಳೆ ಸುರಿಯಿತು. ಹಳದಿ ಬಾವುಟ ಎದ್ದಿತು. ಗಾಡಿಗೆ ಏನೂ ಆಗಿರಲಿಲ್ಲ. ನಿಧಾನವಾಗಿ ಒಳಗೆ ಬಂದರು.

ಗುರುಗಳು ಕಿಟಕಿಗೆ ಬಗ್ಗಿ ಕೇಳಿದ್ದು ಎರಡೇ ಪ್ರಶ್ನೆ: “ಜಾರಿದಾಗ ನಿಮ್ಮ ಬಲಗಾಲು ಎಲ್ಲಿತ್ತು ಸಾರ್? ಕಣ್ಣು ಎಲ್ಲಿತ್ತು?”

ಮಾವ ಹೆಲ್ಮೆಟ್ಟು ತೆಗೆಯದೆ ಸುಮ್ಮನೆ ಕುಳಿತಿದ್ದರು. “ಬ್ರೇಕಿನ ಮೇಲೆ” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ಕಣ್ಣು ಹುಲ್ಲಿನ ಮೇಲೆ.”

ಗುರುಗಳು ತಲೆಯಾಡಿಸಿ ಬೇರೆ ಗಾಡಿಯ ಕಡೆಗೆ ಹೋದರು. ಮಾವ ನನ್ನ ಮುಖ ನೋಡದೆ ಹೇಳಿದರು: “ಅವತ್ತು ಎಣ್ಣೆ ಗಿಣ್ಣೆ ಏನೂ ಇರಲಿಲ್ಲ ಕಣೋ.”

ಎರಡು ವರ್ಷದಿಂದ ಆ ಎಣ್ಣೆಯನ್ನು ಅವರೇ ನಂಬಿಕೊಂಡಿದ್ದರೋ, ಅಥವಾ ಒಳಗೊಳಗೇ ತಿಳಿದಿತ್ತೋ, ನಾನು ಕೇಳಲಿಲ್ಲ. ಹೆದ್ದಾರಿಯಲ್ಲಿ ಇದನ್ನು ಕಲಿಯಲು ಸಾಧ್ಯವಿಲ್ಲವೆಂಬುದಂತೂ ನಿಜ. ಅಲ್ಲಿ ತಪ್ಪಿಗೆ ಹುಲ್ಲುಗಾವಲಿಲ್ಲ. ಪಕ್ಕದಲ್ಲಿ ಮರ, ಎದುರಿಗೆ ಲಾರಿ. ತಪ್ಪು ಮಾಡಿ, ಬದುಕಿ, ಅದೇ ತಿರುವಿಗೆ ಇನ್ನೈದು ನಿಮಿಷದಲ್ಲಿ ಮತ್ತೆ ಬರುವ ಅವಕಾಶವನ್ನು ಯಾವ ಘಾಟಿಯೂ ಕೊಡುವುದಿಲ್ಲ. ಊಟದ ಹೊತ್ತಿನಲ್ಲಿ, ಜರ್ಮನಿಯಲ್ಲಿ ಕೆಲಸ ಮಾಡಿ ಬಂದ ಹುಡುಗನೊಬ್ಬ ಅಲ್ಲಿಯ ನ್ಯೂರ್‌ಬರ್ಗ್‌ರಿಂಗ್ ಎಂಬ ಹಾದಿಯ ವಿಷಯ ಹೇಳಿದ. 1927ರಲ್ಲಿ ತೆರೆದದ್ದು, ಬೆಟ್ಟ-ಕಾಡಿನ ನಡುವೆ ಒಂದೇ ಸುತ್ತಿಗೆ 20.8 ಕಿಲೋಮೀಟರ್. ಪಂದ್ಯವಿಲ್ಲದಾಗ ಸುಂಕ ಕೊಟ್ಟು ಯಾರು ಬೇಕಾದರೂ ತಮ್ಮ ಗಾಡಿ ಓಡಿಸಬಹುದು, ಆಗ ಅಲ್ಲಿ ಮಾಮೂಲು ರಸ್ತೆಯ ಕಾನೂನೇ ನಡೆಯುತ್ತದೆಯಂತೆ. ಮಾವ ಕೇಳಿಸಿಕೊಂಡಂತೆ ಕಾಣಲಿಲ್ಲ. ಮೊಸರನ್ನದ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಆ ಬಲತಿರುವನ್ನು ಬರೆಯುತ್ತಿದ್ದರು.

ಮಧ್ಯಾಹ್ನದ ಸರದಿಗಳಲ್ಲಿ ಅವರು ಎಲ್ಲರಿಗಿಂತ ನಿಧಾನ. ಹಿಂದೆ ಬಂದವರಿಗೆಲ್ಲ ಕೈ ಚಾಚಿ ದಾರಿ ಬಿಟ್ಟರು. ಆ ತಿರುವಿಗೆ ಮಾತ್ರ ಪ್ರತಿಸಲವೂ ಒಂದೇ ಕೋನಿನ ಬಳಿ ಬ್ರೇಕು, ಒಂದೇ ಕಡೆ ಸವರು. ಕೊನೆಗೆ ಅದು ಎಷ್ಟು ಸರಾಗವಾಯಿತೆಂದರೆ ನೋಡುವುದಕ್ಕೆ ಏನೂ ಇರಲಿಲ್ಲ.

ಪ್ರತಿ ಸರದಿಯ ಕೊನೆಯ ಸುತ್ತನ್ನು ತಣ್ಣಗೆ ಓಡಿಸಿ ಬರಬೇಕು, ಬಂದು ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕು ಎಳೆಯಕೂಡದು. ಕಾದ ಬ್ರೇಕು ಹಾಗೇ ಕಚ್ಚಿಕೊಂಡೀತು. ಗಾಡಿಯನ್ನು ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡುವ ಕೆಲಸ ನನ್ನದಾಗಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಕುಡಿಯುತ್ತದೆಂದು ಆಗ ತಿಳಿದೆ. ಮಾವನ ಗಾಡಿಯಲ್ಲಿದ್ದ ಡಾಟ್ 3 ಎಂಬುದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ 140 ಡಿಗ್ರಿ ತಡೆದರೆ ಸಾಕೆಂದು ನಿಯಮ. ಕುದಿದರೆ ಒಳಗೆ ಗುಳ್ಳೆಯೆದ್ದು ಪೆಡಲು ಹತ್ತಿಯ ದಿಂಬಿನಂತಾಗುತ್ತದೆ. ಉದ್ದನೆಯ ಘಾಟಿಯನ್ನು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯುವ ನಮ್ಮ ಬಂಧುಮಿತ್ರರು ಇದನ್ನು ಗಮನಿಸಬೇಕಾಗಿ ವಿನಂತಿ.

ಊರಿಗೆ ಬಂದ ರಾತ್ರಿ ಅತ್ತೆ ಟೈರಿನ ಅಂಚು ಸವೆದದ್ದನ್ನು ಟಾರ್ಚು ಹಾಕಿ ನೋಡಿದರು. “ಇದಕ್ಕೆ ದುಡ್ಡು ಬೇರೆ ಕೊಟ್ಟು ಬಂದಿರಾ?” ಎಂದರು. ಮಾವ ಊಟಕ್ಕೆ ಕುಳಿತಾಗ, ಯಾರೂ ಕೇಳದೆಯೇ, ಎಣ್ಣೆಯ ಸಂಗತಿಯನ್ನೂ ಬಲಗಾಲಿನ ಸಂಗತಿಯನ್ನೂ ಹೇಳಿಬಿಟ್ಟರು. ಅತ್ತೆ ಸಾರು ಬಡಿಸುತ್ತ, “ನನಗೆ ಅವತ್ತೇ ಗೊತ್ತಿತ್ತು” ಎಂದರು.

ಮುಂದಿನ ತಿಂಗಳು ಮದ್ದೂರಿನಲ್ಲಿ ಒಂದು ಮದುವೆ. ಅತ್ತೆ ಬಸ್ಸಿಗೆ ಹೋಗಲಿಲ್ಲ. ಗಾಡಿಯ ಹಿಂದಿನ ಸೀಟಿನಲ್ಲಿ, ಮಕ್ಕಳ ನಡುವೆ, ಬೆಲ್ಟು ಬಿಗಿದು ಕುಳಿತರು. ನಾನು ಮುಂದೆ. ಬಿಡದಿ ದಾಟಿದರೂ ಮಾವ ಒಮ್ಮೆಯೂ ಹಾರನ್ ಒತ್ತಿರಲಿಲ್ಲ. ರಾಮನಗರದ ಹತ್ತಿರ ಒಂದು ಎಮ್ಮೆ ಅಡ್ಡ ಬಂತು.