ವೀಣೆಗೊಂದು ಬಾಡಿಗೆ ಕೋಣೆ

ಸಿಂಗಪುರದ ನೆಲದಡಿಯ ರೈಲು ನಿಲ್ದಾಣದಿಂದ ಮೇಲೇರಿ ಬೀದಿಗೆ ಕಾಲಿಟ್ಟ ಕೂಡಲೇ ನನ್ನ ಕನ್ನಡಕದ ಮೇಲೆ ಮಂಜು ಕವಿಯಿತು. ಒರೆಸಿದೆ, ಮತ್ತೆ ಕವಿಯಿತು. ಪಕ್ಕದಲ್ಲಿದ್ದ ಮಗಳು ನಕ್ಕು, "ಅಪ್ಪಯ್ಯ, ಪಾಠ ನೆನಪಾಯ್ತಾ?" ಎಂದಳು. ನೆನಪಾಗದೆ ಏನು? ಕುಂದಾಪುರದ ಕಡೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಐಸ್ ತುಂಬಿದ ಲೋಟವನ್ನು ಮೇಜಿನ ಮೇಲಿಟ್ಟು, "ಲೋಟದ ಹೊರಗೆ ನೀರು ಎಲ್ಲಿಂದ ಬಂತು?" ಎಂದು ಮಕ್ಕಳನ್ನು ಕೇಳುತ್ತ ಬಂದವನು ನಾನು. ಈಗ ಆ ಲೋಟದ ಜಾಗದಲ್ಲಿ ನನ್ನ ಕನ್ನಡಕವಿತ್ತು, ಅಷ್ಟೆ.

ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ಹೋದದ್ದು ಊರು ನೋಡಲು. ನೋಡಿದ್ದು ಮಾತ್ರ ಹೆಚ್ಚಾಗಿ ಗೋದಾಮುಗಳನ್ನು. ಮಗಳು ಮತ್ತು ಅಳಿಯ ಬಾಡಿಗೆಯ ಫ್ಲ್ಯಾಟನ್ನು ಬಿಟ್ಟುಕೊಡುವ ದಿನಕ್ಕೂ, ಅವರು ಕೊಂಡ ಫ್ಲ್ಯಾಟಿನ ಮರಗೆಲಸ ಮುಗಿಯುವ ದಿನಕ್ಕೂ ಮೂರು ತಿಂಗಳ ಅಂತರವಿತ್ತು. ಅಷ್ಟು ದಿನ ಇಬ್ಬರೂ ಗೆಳೆಯರ ಮನೆಯ ಒಂದು ಕೋಣೆಯಲ್ಲಿ ಇರುವುದೆಂದು ತೀರ್ಮಾನವಾಗಿತ್ತು. ಮನುಷ್ಯರಿಗೇನೋ ಜಾಗ ಸಿಕ್ಕಿತು. ಸಾಮಾನಿಗೆ?

ಜಾಗಕ್ಕೆ ಬಂಗಾರದ ಬೆಲೆಯಿರುವ ಆ ದ್ವೀಪದಲ್ಲಿ ಇದಕ್ಕೂ ಒಂದು ವ್ಯವಸ್ಥೆಯಿದೆ. ಕೈಗಾರಿಕಾ ಪ್ರದೇಶದ ಬಹುಮಹಡಿ ಕಟ್ಟಡಗಳಲ್ಲಿ ಸಾಲುಸಾಲು ಕಬ್ಬಿಣದ ಬಾಗಿಲುಗಳು, ಒಂದೊಂದರ ಹಿಂದೆ ಒಂದೊಂದು ಸಣ್ಣ ಕೋಣೆ. ತಿಂಗಳ ಬಾಡಿಗೆ ಕೊಟ್ಟು, ನಮ್ಮ ಸಾಮಾನನ್ನು ನಾವೇ ಇಟ್ಟು ಬೀಗ ಹಾಕಿಕೊಂಡು ಬರುವುದು. "ಸೆಲ್ಫ್ ಸ್ಟೋರೇಜ್" ಎಂದು ಅದರ ಹೆಸರು. ನಮ್ಮ ಹಳೆಯ ಮನೆಗಳ ಅಟ್ಟವನ್ನು ಮನೆಯಿಂದ ಬಿಡಿಸಿ ತಂದು ಪೇಟೆಯಲ್ಲಿ ಬಾಡಿಗೆಗೆ ಕೊಟ್ಟ ಹಾಗೆ!

ಸೋಫಾ, ಮಂಚ, ಪಾತ್ರೆಪಗಡಗಳಷ್ಟೇ ಆಗಿದ್ದರೆ ನಾನು ಇದರಲ್ಲಿ ತಲೆ ಹಾಕುತ್ತಿರಲಿಲ್ಲ. ಆದರೆ ಆ ಸಾಮಾನಿನ ನಡುವೆ ನನ್ನ ಹೆಂಡತಿಯ ವೀಣೆಯಿತ್ತು. ಅವಳು ತೀರಿಕೊಂಡು ಆರು ವರ್ಷವಾಯಿತು. ವೀಣೆ ಮಗಳ ಜೊತೆ ಸಮುದ್ರ ದಾಟಿತು. ಫೋಟೋಗಳ ಆಲ್ಬಮ್ಮುಗಳು ನನ್ನ ಪಾಲಿಗೆ ಊರಿನಲ್ಲೇ ಉಳಿದವು.

ಆ ಆಲ್ಬಮ್ಮುಗಳ ಕತೆಯನ್ನು ಹೇಳಿಬಿಡಬೇಕು. ಅವಳು ಹೋದ ಮರುವರ್ಷ ಜೂನ್ ಮೊದಲ ವಾರ, ಮಳೆ ಹಿಡಿದ ಮೇಲೆ, ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ನಾಲ್ಕು ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟೆ. ನೀರು ಒಳಗೆ ಹೋಗಬಾರದೆಂಬ ಮುತುವರ್ಜಿ. ನವರಾತ್ರಿಗೆ ತೆಗೆದು ನೋಡಿದರೆ ಪುಟಗಳು ಒಂದಕ್ಕೊಂದು ಅಂಟಿಕೊಂಡು, ಮದುವೆಯ ಫೋಟೋಗಳ ಮೇಲೆಲ್ಲ ಬೂಷ್ಟು. ನೀರು ಹೊರಗಿನಿಂದ ಹೋಗಿರಲಿಲ್ಲ. ಜೂನ್ ತಿಂಗಳ ಕಾಗದದಲ್ಲಿ ಇದ್ದ ತೇವವನ್ನೇ ನಾನು ಒಳಗಿಟ್ಟು ಕಟ್ಟಿದ್ದೆ. ಫೋಟೋ ಕಾಗದದ ಮೇಲಿನ ಪದರ ಜಿಲೆಟಿನ್, ಬೂಷ್ಟಿಗೆ ಅದು ಹಬ್ಬದೂಟ. ನುಸಿಗುಳಿಗೆ ಹುಳವನ್ನು ತಡೆದೀತು, ಬೂಷ್ಟನ್ನಲ್ಲ. ಇಷ್ಟನ್ನೂ ತಿಳಿದ ಬಿ.ಎಸ್ಸಿ., ಬಿ.ಎಡ್. ಮಾಷ್ಟ್ರು ಮಾಡಿದ ಕೆಲಸವಿದು. ಮಗಳು ಒಂದು ಮಾತೂ ಆಡಲಿಲ್ಲ. ಅದಕ್ಕೇ ಅದು ಈಗಲೂ ಚುಚ್ಚುತ್ತದೆ.

ಹಾಗಾಗಿ ಅವಳು, "ನೀವೇ ನೋಡಿ ಹೇಳಿ ಅಪ್ಪಯ್ಯ, ವೀಣೆ ಎಲ್ಲಿಡುವುದು ಅಂತ" ಎಂದಾಗ ನಾನು ಮೊದಲು ಮಾಡಿದ ಕೆಲಸ, ಅಂಗಡಿಯಿಂದ ಅಂಗೈಯಗಲದ ಒಂದು ಆರ್ದ್ರತಾಮಾಪಕ ಕೊಂಡದ್ದು. ಕೆಲವೇ ಡಾಲರಿನ ವಸ್ತು.

ಸಿಂಗಪುರ ಸಮಭಾಜಕ ವೃತ್ತಕ್ಕೆ ಬರೀ 137 ಕಿಲೋಮೀಟರ್ ಉತ್ತರಕ್ಕಿದೆ. ನಮ್ಮ ಕರಾವಳಿಯಲ್ಲಿ ಮಳೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಸುತ್ತದೆ, ಆಮೇಲೆ ಚಳಿಗಾಲದ ಒಣಗಾಳಿ ಸ್ವಲ್ಪವಾದರೂ ಬೀಸುತ್ತದೆ. ಅಲ್ಲಿ ವರ್ಷದ ಹನ್ನೆರಡು ತಿಂಗಳೂ ಮಳೆ, ಸರಾಸರಿ ಸಾಪೇಕ್ಷ ಆರ್ದ್ರತೆ ಶೇಕಡ 80ಕ್ಕಿಂತ ಮೇಲೆ. ಬಟ್ಟೆಯ ಕಪಾಟಿನಲ್ಲಿ ಗಾಳಿಯ ತೇವ ಹೀರಿ ತಳದಲ್ಲಿ ನೀರು ಶೇಖರಿಸುವ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಗಳನ್ನು ಇಡುತ್ತಾರೆ. ಕ್ಯಾಮೆರಾ ಇದ್ದವರು ಅದಕ್ಕೊಂದು ಒಣ ಪೆಟ್ಟಿಗೆಯನ್ನೇ ಕೊಳ್ಳುತ್ತಾರೆ. 1998ರ ನಂತರ ಕಟ್ಟಿದ ಮನೆಗಳಲ್ಲಿ ಯುದ್ಧಕಾಲದ ರಕ್ಷಣೆಗೆಂದು ದಪ್ಪ ಕಾಂಕ್ರೀಟ್ ಗೋಡೆ, ಉಕ್ಕಿನ ಬಾಗಿಲಿನ ಒಂದು ಪುಟ್ಟ ಕೋಣೆ ಇರಬೇಕೆಂದು ಕಾನೂನು. ಶಾಂತಿಕಾಲದಲ್ಲಿ ಅದು ಉಗ್ರಾಣ. ಮಗಳ ಬಾಡಿಗೆ ಮನೆಯ ಅಂಥ ಕೋಣೆಯಲ್ಲಿ ನನ್ನ ಮಾಪಕ ಶೇಕಡ 78 ತೋರಿಸಿತು. ಅಲ್ಲೇ ಇಟ್ಟಿದ್ದ ಅಳಿಯನ ಚರ್ಮದ ಬೂಟಿನ ಮೇಲೆ ಹಸಿರು ಪುಡಿ. ಬಾಂಬು ತಡೆಯುವ ಗೋಡೆಗೆ ಬೂಷ್ಟನ್ನು ತಡೆಯಲಾಗಲಿಲ್ಲ!

ನಾವು ಮೂರು ಕಡೆ ಹೋದೆವು. ಮೊದಲನೆಯದರ ಕಚೇರಿಯಲ್ಲಿ ಹಲ್ಲು ಕಡಿಯುವಷ್ಟು ತಂಪು. ಕೋಣೆಗಳಿದ್ದ ಮಹಡಿಯಲ್ಲಿ ಮಾತ್ರ ಫ್ಯಾನು. ಮಾಪಕ 79. ಎರಡನೆಯ ಕಡೆ ಎ.ಸಿ. ಇತ್ತು, ಉಷ್ಣತೆ 24 ಡಿಗ್ರಿ, ಹಿತವಾಗಿತ್ತು. ಅಳಿಯ, "ಇದೇ ಆಗಬಹುದಲ್ವಾ ಮಾವ?" ಎಂದರು. ಮಾಪಕ ನೋಡಿದರೆ 74! ವಿಚಾರಿಸಿದಾಗ ತಿಳಿಯಿತು, ರಾತ್ರಿ ಎ.ಸಿ. ಬಂದ್.

ಇಲ್ಲಿ ಸ್ವಲ್ಪ ಪಾಠ ಮಾಡಲು ಓದುಗರು ಅಪ್ಪಣೆ ಕೊಡಬೇಕು. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹೊತ್ತೀತು. ಆರ್ದ್ರತೆ ಶೇಕಡ 80 ಎಂದರೆ ಅದರಲ್ಲಿ 24 ಗ್ರಾಂ ಇದೆ ಎಂದರ್ಥ. ಅದೇ ಗಾಳಿಯನ್ನು 24 ಡಿಗ್ರಿಗೆ ಇಳಿಸಿದರೆ ಅದು ಹೊರಬಲ್ಲದ್ದು 22 ಗ್ರಾಂ ಮಾತ್ರ. ಮಿಕ್ಕದ್ದು ನೀರಾಗಿ ಇಳಿಯುತ್ತದೆ, ಉಳಿದ ಗಾಳಿ ತೇವದಿಂದ ತುಂಬಿ ತುಳುಕುತ್ತಿರುತ್ತದೆ. ಅಂದರೆ ತಂಪು ಮಾಡಿದ ಮಾತ್ರಕ್ಕೆ ಗಾಳಿ ಒಣಗುವುದಿಲ್ಲ. ಎ.ಸಿ.ಯ ತಣ್ಣನೆಯ ಕೊಳವೆಗಳ ಮೇಲೆ ನೀರು ಇಳಿದು ಹೊರಗೆ ಹರಿದು ಹೋಗುತ್ತಲೇ ಇರಬೇಕು. ಯಂತ್ರ ನಿಂತರೆ ಆ ಕೆಲಸವೂ ನಿಂತಿತು, ಹೊರಗಿನ ತೇವ ಸಂದುಗೊಂದುಗಳಿಂದ ಒಳಗೆ ಬಂದಿತು. ಬೂಷ್ಟು ಹಿಡಿಯುವುದು ಆರ್ದ್ರತೆ ಸುಮಾರು 65–70 ದಾಟಿದ ಮೇಲೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ "ಎಷ್ಟು ತಂಪು?" ಎಂಬುದಲ್ಲ, "ಎಷ್ಟು ಒಣ?" ಎಂಬುದು. ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಹವಾನಿಯಂತ್ರಣ ಯಂತ್ರವನ್ನು ರೂಪಿಸಿದ್ದು ಮನುಷ್ಯರ ಬೆವರು ಆರಿಸಲು ಅಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಆ ಕಾಗದವನ್ನು ಕಾಯಲು ಹುಟ್ಟಿದ ಯಂತ್ರವದು.

ಮೂರನೆಯ ಕಡೆ ಗೋಡೆಯ ಮೇಲೆ ಅವರದೇ ಮಾಪಕವಿತ್ತು: 55. ನನ್ನದೂ 56 ತೋರಿಸಿತು. ತೇವ ತೆಗೆಯುವ ಪ್ರತ್ಯೇಕ ಯಂತ್ರಗಳು ಹಗಲಿರುಳೂ ಓಡುತ್ತಿದ್ದವು. ನಾನು ಮತ್ತೂ ಕೇಳಿದೆ: ಕಳೆದ ತಿಂಗಳುಗಳ ದಾಖಲೆ ಇದೆಯೇ? ಕರೆಂಟು ಹೋದರೆ ಏನು? ಲಾರಿ ನಿಲ್ಲುವ ಬಾಗಿಲಿನಿಂದ ಈ ಕೋಣೆ ಎಷ್ಟು ದೂರ? ಪಶ್ಚಿಮದ ಬಿಸಿಲು ಬೀಳುವ ಗೋಡೆಯೇ? ಬೂಷ್ಟು ಹಿಡಿದರೆ ಹೊಣೆ ಯಾರದ್ದೆಂದು ಒಪ್ಪಂದದಲ್ಲಿ ಬರೆದಿದೆಯೇ? ಅಲ್ಲಿದ್ದ ಹುಡುಗಿ ಬೇಸರಿಸದೆ ಎಲ್ಲಕ್ಕೂ ಉತ್ತರ ಕೊಟ್ಟಳು, ಕೊನೆಯದಕ್ಕೆ ಮಾತ್ರ ಮೆಲ್ಲನೆ "ನಿಮ್ಮದೇ" ಎಂದಳು.

ಬಾಡಿಗೆ ಕೇಳಿದಾಗ ಎದೆ ಧಸಕ್ಕೆಂದಿತು. ಅಷ್ಟೂ ಸಾಮಾನಿಗೆ ಅಂಥ ಕೋಣೆ ಹಿಡಿದರೆ ಮನೆ ಬಾಡಿಗೆಗೆ ಹತ್ತಿರ ಬರುತ್ತಿತ್ತು. ಆ ರಾತ್ರಿ ನಾವು ಮೂವರೂ ನೆಲದ ಮೇಲೆ ಕೂತು ಪಟ್ಟಿ ಮಾಡಿದೆವು. ಸ್ಟೀಲು ಪಾತ್ರೆ, ಪ್ಲಾಸ್ಟಿಕ್ ಕುರ್ಚಿ, ಸೈಕಲ್ಲುಗಳಿಗೆ ಫ್ಯಾನಿನ ಕೋಣೆ ಸಾಕು. ಹಳೆಯ ಸೋಫಾ ಯಾರಿಗಾದರೂ ಕೊಟ್ಟರಾಯಿತು. ಪುಸ್ತಕ, ದಾಖಲೆಪತ್ರ, ಕ್ಯಾಮೆರಾ, ಅಮ್ಮನ ಎರಡು ರೇಷ್ಮೆ ಸೀರೆ, ವೀಣೆ – ಇಷ್ಟಕ್ಕೆ ಮಾತ್ರ ಒಣ ಕೋಣೆ, ಅದೂ ಅತಿ ಸಣ್ಣದು. ವೀಣೆಗೆ ತೇವವಷ್ಟೇ ಅಲ್ಲ, ಬಿಸಿಯೂ ಶತ್ರು. ಹಲಸಿನ ಮರ ತೇವಕ್ಕೆ ಹಿಗ್ಗಿ ಕುಗ್ಗುತ್ತದೆ. ಅದರ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ, ಸೆಕೆಗೆ ಮೇಣ ಮೆತ್ತಗಾದರೆ ಸ್ವರವೇ ಜಾಗ ಬಿಡುತ್ತದೆ.

ಈ ಸಲ ಅವಸರ ಮಾಡಲಿಲ್ಲ. ಎ.ಸಿ. ಹಾಕಿದ ಕೋಣೆಯಲ್ಲಿ ಎರಡು ದಿನ ಎಲ್ಲವನ್ನೂ ಬಿಚ್ಚಿಟ್ಟು ಒಣಗಿಸಿದೆವು. ತಂತಿಗಳನ್ನು ಸಡಿಲ ಮಾಡಿ, ವೀಣೆಗೆ ಹತ್ತಿಯ ಸೀರೆ ಸುತ್ತಿ ಪೆಟ್ಟಿಗೆಯಲ್ಲಿಟ್ಟೆವು. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಕೋಣೆಯಲ್ಲಿ ನೆಲಕ್ಕೆ ತಾಗದಂತೆ ಹಲಗೆ ಹಾಕಿ, ಗೋಡೆಯಿಂದ ಗೇಣುದ್ದ ಬಿಟ್ಟು ಜೋಡಿಸಿದೆವು. ಬಾಗಿಲು ಹಾಕುವ ಮೊದಲು ನನ್ನ ಮಾಪಕವನ್ನು ಅಲ್ಲೇ ಒಳಗಿಟ್ಟೆ. ಮಗಳಿಗೆ ಒಂದೇ ಮಾತು ಹೇಳಿದೆ: "ತೆಗೆಯುವ ದಿನ ಪೆಟ್ಟಿಗೆಯನ್ನು ಕೂಡಲೇ ಬಿಚ್ಚಬೇಡ. ಹೊರಗಿನ ಸೆಕೆಗೆ ಹೊಂದಿಕೊಳ್ಳಲು ಅರ್ಧ ದಿನ ಬಿಡು. ಇಲ್ಲದಿದ್ದರೆ ನನ್ನ ಕನ್ನಡಕಕ್ಕೆ ಆದದ್ದೇ ವೀಣೆಗೂ ಆದೀತು."

ಊರಿಗೆ ಮರಳುವಾಗ ನಮ್ಮ ಹಿರಿಯರ ಜ್ಞಾನ ನೆನಪಾಯಿತು. ಅಕ್ಕಿಯನ್ನು ಬಿಸಿಲಲ್ಲಿ ಒಣಗಿಸಿ ಬೈಹುಲ್ಲಿನ ಮುಡಿ ಕಟ್ಟುತ್ತಿದ್ದರು. ಅಡುಗೆಮನೆಯ ಒಲೆಯ ಬಿಸಿ, ಹೊಗೆ ತಾಗುವ ಅಟ್ಟದಲ್ಲಿ ಸಾಮಾನು ಇಡುತ್ತಿದ್ದರು. ಒಣಗಿಸುವ ಕೆಲಸವೆಲ್ಲ ಮೇ ತಿಂಗಳಲ್ಲೇ ಮುಗಿಯುತ್ತಿತ್ತು. ಮಾಪಕ ಇರಲಿಲ್ಲ, ಲೆಕ್ಕ ಮಾತ್ರ ಸರಿಯಿತ್ತು. ನಾನು ತಪ್ಪಿದ್ದು ತಿಂಗಳಿನಲ್ಲಿ.

ಮೂರು ತಿಂಗಳ ನಂತರ ಮಗಳು ಫೋನು ಮಾಡಿದಳು. "ಅಪ್ಪಯ್ಯ, ಮಾಪಕ 57 ಇತ್ತು. ಪೆಟ್ಟಿಗೆ ಬೆಳಿಗ್ಗೆ ತಂದದ್ದು, ಸಂಜೆ ಬಿಚ್ಚಿದೆ" ಎಂದಳು. ಆಮೇಲೆ ಫೋನನ್ನು ಪಕ್ಕದಲ್ಲಿಟ್ಟು ಶ್ರುತಿ ಮಾಡತೊಡಗಿದಳು. ಇಲ್ಲಿ ಹೊರಗೆ ಜೋರು ಮಳೆ. ನಾನು ಕಿಟಕಿ ಹಾಕಿ ಬಂದು ಕೇಳುತ್ತ ಕುಳಿತೆ.